ಓದಿನ ಸಂಕಲ್ಪವೂ ಓದಿನ ಸುಖವೂ

ಯುಗಾದಿಯ ದಿನ ಗೃಹಸ್ಥರು ಮಾಡಿಕೊಳ್ಳತಕ್ಕ ಸಂಕಲ್ಪಗಳು ಬಗೆಬಗೆಯವು. ಕಾಫಿಯನ್ನು ದಿನಕ್ಕೆ ಎರಡು ಲೋಟಕ್ಕೆ ಇಳಿಸುವೆನೆಂದು ಒಬ್ಬರು, ಬೆಳಗಿನ ಜಾವದಲ್ಲೆದ್ದು ಕೆರೆಯ ಏರಿಯ ಮೇಲೆ ತಿರುಗಾಡುವೆನೆಂದು ಇನ್ನೊಬ್ಬರು, ಮನೆಯ ಖರ್ಚನ್ನು ಪ್ರತಿ ರಾತ್ರಿಯೂ ತಪ್ಪದೆ ಬರೆದಿಡುವೆನೆಂದು ಮತ್ತೊಬ್ಬರು ನಿಶ್ಚಯಿಸುವುದುಂಟು. ಇವುಗಳಲ್ಲಿ ಬಹುಪಾಲು ರಾಮನವಮಿಯ ಪಾನಕ ಮುಗಿಯುವುದರೊಳಗೆ ಕರಗಿಹೋಗುತ್ತವೆ. ಹಾಗೆ ಕರಗದೆ ವರ್ಷವೆಲ್ಲ ನನ್ನನ್ನು ಕಾಡಿದ ಸಂಕಲ್ಪವೊಂದರ ಸಂಗತಿಯನ್ನು ವಾಚಕರ ಮುಂದಿಡಬೇಕೆಂದು ಈ ಲೇಖನವನ್ನು ಬರೆಯುತ್ತಿದ್ದೇನೆ.

ನಾನು ಮೂವತ್ತು ವರ್ಷಗಳಿಗೂ ಮಿಗಿಲಾಗಿ ಲೆಕ್ಕಪತ್ರಗಳ ಶಾಖೆಯಲ್ಲಿ ನೌಕರಿ ಮಾಡಿದವನು. ಬಾಲ್ಯದಲ್ಲಿ ನನಗೆ ಓದಿನ ಹುಚ್ಚು ವಿಪರೀತವಾಗಿತ್ತು. ಊಟದ ಎಲೆಯ ಪಕ್ಕದಲ್ಲಿ ಕಾದಂಬರಿಯನ್ನಿಟ್ಟುಕೊಂಡು ಸಾರಿಗೂ ಮಜ್ಜಿಗೆಗೂ ಭೇದವರಿಯದೆ ಉಂಡು ಬೈಸಿಕೊಂಡವನು ನಾನು. ನೌಕರಿ ದೊರೆಯಿತು, ಸಂಸಾರ ಬೆಳೆಯಿತು, ಪುಸ್ತಕ ಕೈಬಿಟ್ಟಿತು. ಬಿಟ್ಟ ದಿನ ಯಾವುದೆಂದು ಹೇಳಲಾರೆ. ಯಾರಾದರೂ ಕೇಳಿದರೆ ಹೊತ್ತಿಲ್ಲವೆಂದು ಉತ್ತರ ಹೇಳುತ್ತಿದ್ದೆ. ಕಳೆದ ಹತ್ತು ವರ್ಷಗಳಲ್ಲಂತೂ ಮೊಬೈಲು ಕೈಗೆ ಬಂದ ಮೇಲೆ ಈ ಉತ್ತರ ಇನ್ನೂ ಸುಲಭವಾಯಿತು. ಅದರಲ್ಲಿ ಕಳೆದ ಹೊತ್ತನ್ನು ಯಾರೂ ಹೊತ್ತೆಂದು ಎಣಿಸುವುದಿಲ್ಲವಷ್ಟೆ!

ನಿವೃತ್ತನಾದ ವರ್ಷ ನಮ್ಮ ಮಗಳು ಒಂದು ಉಪಾಯ ಹೇಳಿದಳು. ಈಗಿನ ಯುವಕ ಯುವತಿಯರು ವರ್ಷದ ಆರಂಭದಲ್ಲಿಯೇ ಇಷ್ಟು ಪುಸ್ತಕಗಳನ್ನು ಓದುವೆವೆಂದು ಸಂಖ್ಯೆಯೊಂದನ್ನು ಗೊತ್ತುಮಾಡಿಕೊಂಡು, ಓದಿದ್ದನ್ನೆಲ್ಲ ಪಟ್ಟಿಮಾಡಿ, ಸ್ನೇಹಿತರಿಗೆ ತೋರಿಸುತ್ತಾರಂತೆ. “ಅಪ್ಪ, ನೀವೂ ಹಾಗೆ ಮಾಡಿ. ನಿಮಗೆ ಲೆಕ್ಕವೆಂದರೆ ಇಷ್ಟವಲ್ಲವೇ?” ಎಂದಳು. ಮಾತು ನನ್ನ ಮರ್ಮಕ್ಕೆ ತಾಕಿತು. ವಾರಕ್ಕೊಂದರಂತೆ ವರ್ಷಕ್ಕೆ ೫೨ ಪುಸ್ತಕಗಳೆಂದು ಬೇವು ಬೆಲ್ಲ ತಿಂದ ಬಾಯಲ್ಲಿಯೇ ಪ್ರತಿಜ್ಞೆ ಮಾಡಿ, ಉದ್ದನೆಯ ನೋಟುಪುಸ್ತಕವೊಂದಕ್ಕೆ ಗೀಟೆಳೆದು, ಕ್ರಮಸಂಖ್ಯೆ, ಗ್ರಂಥದ ಹೆಸರು, ಕರ್ತೃ, ಪುಟಗಳು, ಆರಂಭಿಸಿದ ದಿನ, ಮುಗಿಸಿದ ದಿನ ಎಂದು ಕಲಮುಗಳನ್ನು ಬರೆದೆ. ಅಭಿಪ್ರಾಯವೆಂಬ ಕಲಮಿಗೆ ಸ್ಥಳ ಉಳಿಯಲಿಲ್ಲ.

ಸಂಖ್ಯೆಯನ್ನು ನಾನು ಹಳಿಯುವವನಲ್ಲ. ಆ ಸಂಖ್ಯೆಯ ಹಂಗಿಲ್ಲದಿದ್ದರೆ ಬಡಾವಣೆಯ ಸಾರ್ವಜನಿಕ ಗ್ರಂಥಾಲಯದ ಮೆಟ್ಟಿಲನ್ನು ನಾನು ಹತ್ತುತ್ತಲೇ ಇರಲಿಲ್ಲ. ನಮ್ಮ ರಾಜ್ಯದಲ್ಲಿ ಗ್ರಂಥಾಲಯಗಳ ಕಾಯಿದೆ ೧೯೬೫ರಲ್ಲಿ ಆಯಿತು. ಪಟ್ಟಣದಲ್ಲಿ ಮನೆಯುಳ್ಳವರು ಕಟ್ಟುವ ಆಸ್ತಿ ತೆರಿಗೆಯ ಮೇಲೆ ನೂರಕ್ಕೆ ೬ರಂತೆ ಗ್ರಂಥಾಲಯ ಕರವನ್ನು ವಸೂಲು ಮಾಡುತ್ತಾರೆ. ಅಷ್ಟು ವರ್ಷ ಹಣ ಕಟ್ಟಿಯೂ ಒಂದು ಪುಸ್ತಕವನ್ನಾದರೂ ತಾರದೆ ಇದ್ದ ನನ್ನ ಲೆಕ್ಕಶಾಸ್ತ್ರಕ್ಕೆ ಏನೆನ್ನಬೇಕು? ವಾಚಕರಲ್ಲಿ ಯಾರಾದರೂ ಇದೇ ಬಗೆಯ ಲೆಕ್ಕಿಗರಿದ್ದರೆ ತೆರಿಗೆಯ ರಸೀತಿಯನ್ನು ಒಮ್ಮೆ ತೆಗೆದು ನೋಡಬಹುದು.

ಮೊದಲ ಎರಡು ತಿಂಗಳು ಸೊಗಸಾಗಿ ನಡೆಯಿತು. ಮಾಸ್ತಿಯವರ ‘ಸುಬ್ಬಣ್ಣ’ವನ್ನು ಒಂದು ಸಂಜೆಯಲ್ಲಿ ಓದಿದೆ. ೧೯೨೮ರಲ್ಲಿ ಬಂದ ಈ ಕಿರುಹೊತ್ತಗೆಯ ಮೈ ಸಣ್ಣದು. ಮನಸ್ಸಿನಲ್ಲಿ ಅದು ಹಿಡಿಯುವ ಸ್ಥಳ ದೊಡ್ಡದು. ಕಾರಂತರ ‘ಚೋಮನ ದುಡಿ’ ಆಯಿತು, ‘ಮರಳಿ ಮಣ್ಣಿಗೆ’ ಆಯಿತು. ಬಾಲ್ಯದ ಹಸಿವು ಮರಳಿ ಬಂದಂತೆ ತೋರಿತು. ಆ ಹುಮ್ಮಸ್ಸಿನಲ್ಲಿ ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ ಎಂಬ ಮಹಾಕಾದಂಬರಿಯನ್ನು ಕೈಗೆ ತೆಗೆದುಕೊಂಡೆ. ಅಲ್ಲಿಂದ ತೊಡಕು ಮೊದಲಾಯಿತು.

ಗ್ರಂಥ ಸುಮಾರು ೭೦೦ ಪುಟಗಳದು. ಅದನ್ನು ಓಡುತ್ತ ಓದಲಾಗದು. ಗುತ್ತಿಯು ತನ್ನ ಹುಲಿಯ ನಾಯಿಯೊಡನೆ ಕಾಡಿನ ದಾರಿ ಹಿಡಿದನೆಂದರೆ ಓದುವವನೂ ಅವನ ಹೆಜ್ಜೆಗೆ ಹೆಜ್ಜೆಯಿಟ್ಟು ನಡೆಯಬೇಕು. ಮಳೆ ಬಂದರೆ ನೆನೆಯಬೇಕು, ಜಿಗಣೆ ಹತ್ತಿದರೆ ಕಿತ್ತೊಗೆಯಬೇಕು. ಇಲ್ಲಿ ಆತುರಗಾರನಿಗೆ ಎಡೆಯಿಲ್ಲವೆಂಬ ಭಾವದ ಎಚ್ಚರಿಕೆಯನ್ನು ಕವಿಯೇ ಬಾಗಿಲಲ್ಲಿ ಇರಿಸಿದ್ದಾರೆ. ಮೂರು ವಾರ ಕಳೆದವು. ನಾನು ಇನ್ನೂ ೨೦೦ನೆಯ ಪುಟದ ಆಚೀಚೆ ಇದ್ದೆ. ನೋಟುಪುಸ್ತಕದಲ್ಲಿ ಮೂರು ವಾರಗಳ ಕಲಮು ಬರಿದಾಗಿ ನನ್ನನ್ನೇ ದಿಟ್ಟಿಸುತ್ತಿತ್ತು. ಒಂದು ರಾತ್ರಿ, ಕಥೆಯ ಸ್ವಾರಸ್ಯ ಏರುತ್ತಿದ್ದಾಗಲೇ, ಪುಟದ ಗುರುತಿಗೆ ಬಸ್ಸಿನ ಚೀಟಿಯೊಂದನ್ನಿಟ್ಟು ಪುಸ್ತಕವನ್ನು ಕಪಾಟಿನ ಮೇಲಕ್ಕೆ ಏರಿಸಿಬಿಟ್ಟೆ. ಬೇಸರದಿಂದಲ್ಲ, ಲೆಕ್ಕಕ್ಕೆ ಬಾರದೆಂಬ ಕಾರಣದಿಂದ!

ಆಮೇಲೆ ಪುಸ್ತಕವನ್ನು ಬೆನ್ನಿನಿಂದ ಆರಿಸುವ ವಿದ್ಯೆಯನ್ನು ಕಲಿತೆ. ಗ್ರಂಥಾಲಯದ ಕಪಾಟಿನಲ್ಲಿ ಹೆಸರನ್ನೂ ಕರ್ತೃವನ್ನೂ ನೋಡದೆ, ಬೆನ್ನು ಬೆರಳಿಗಿಂತ ತೆಳ್ಳಗಿದ್ದುದನ್ನು ಎಳೆಯುತ್ತಿದ್ದೆ. ಪ್ರಹಸನಗಳು, ಕೈದೋಟದ ಕೈಪಿಡಿಗಳು, ಮಕ್ಕಳಿಗಾಗಿ ಬರೆದ ಜೀವನಚರಿತ್ರೆಗಳು ಒಂದರ ಹಿಂದೊಂದು ಪಟ್ಟಿಗೆ ಸೇರಿದವು. ಕ್ರಮಸಂಖ್ಯೆ ಬಹು ಬೇಗ ಬೆಳೆಯಿತು. ಆಷಾಢದ ಒಂದು ಮಧ್ಯಾಹ್ನ ನಮ್ಮ ಮನೆಯಾಕೆ ಹುರುಳಿಕಾಯಿಯ ನಾರು ತೆಗೆಯುತ್ತ, “ಹೋದ ವಾರ ಓದಿದಿರಲ್ಲ, ಅದರಲ್ಲಿ ಏನಿತ್ತು?” ಎಂದು ಕೇಳಿದಳು. ನಾನು ಯೋಚಿಸಿದೆ. ನೋಟುಪುಸ್ತಕವನ್ನು ತೆರೆದು ಹೆಸರನ್ನು ನೋಡಿಯೂ ಯೋಚಿಸಿದೆ. ಏನೂ ನೆನಪಾಗಲಿಲ್ಲ. “ಹಾಲಿನವನ ಲೆಕ್ಕದ ಹಾಗಾಯಿತು ಬಿಡಿ, ಕ್ಯಾಲೆಂಡರಿನ ಮೇಲೆ ಗೀಟಿದೆ, ಹಾಲು ಎಲ್ಲಿ ಹೋಯಿತೋ ಯಾರಿಗೆ ಗೊತ್ತು?” ಎಂದು ಆಕೆ ಕೆಲಸ ಮುಂದುವರಿಸಿದಳು.

ಇದಿಷ್ಟೇ ಆಗಿದ್ದರೆ ನಕ್ಕು ಮರೆತುಬಿಡಬಹುದಾಗಿತ್ತು. ಶ್ರಾವಣದಲ್ಲಿ ನಡೆದುದು ನಗುವಂಥದಲ್ಲ.

ನಮ್ಮ ತಾಯಿಯವರಿಗೆ ಈಗ ಎಂಬತ್ತಾರು ವರ್ಷ. ಅವರು ಮದುವೆಯಾಗಿ ಈ ಮನೆಗೆ ಬರುವಾಗ ತವರಿನಿಂದ ತಂದ ಪೆಟ್ಟಿಗೆಯಲ್ಲಿ ಸೀರೆಗಳ ಕೆಳಗೆ ಎರಡು ಬಗೆಯ ಪುಸ್ತಕಗಳಿದ್ದವಂತೆ: ತಂದೆಯವರು ಕೊಟ್ಟ ಲಕ್ಷ್ಮೀಶನ ಜೈಮಿನಿ ಭಾರತವೊಂದು; ಅದರ ಅಡಿಯಲ್ಲಿ, ಅಜ್ಜಿಯ ಕಣ್ಣು ತಪ್ಪಿಸಿ ಸೇರಿಸಿದ ತ್ರಿವೇಣಿಯವರ ಕಾದಂಬರಿಗಳು. ಕಾದಂಬರಿ ಓದುವ ಹೆಣ್ಣು ಒಲೆಯ ಮೇಲಿನ ಅನ್ನ ಸೀಯಿಸುವಳೆಂಬುದು ಆ ಅಜ್ಜಿಯ ಸಿದ್ಧಾಂತ. (ಅಮ್ಮ ಸೀಯಿಸಿದ್ದೂ ಉಂಟೆಂದು ನಮ್ಮ ತಂದೆಯವರು ಹೇಳುತ್ತಿದ್ದರು.) ತ್ರಿವೇಣಿಯವರು ೧೯೬೩ರಲ್ಲಿ ಇನ್ನೂ ಮೂವತ್ತೈದು ತುಂಬುವ ಮೊದಲೇ ತೀರಿಕೊಂಡ ಸುದ್ದಿ ಬಂದ ದಿನ ಅಮ್ಮ ಊಟ ಮಾಡಲಿಲ್ಲವಂತೆ. ಕಾದಂಬರಿಗಳು ಕೈಯಿಂದ ಕೈಗೆ ಹೋಗಿ ಎಲ್ಲಿಯೋ ಕಳೆದುಹೋದವು. ಜೈಮಿನಿ ಉಳಿಯಿತು. ವರ್ಷ ವರ್ಷವೂ ಶ್ರಾವಣದ ಮೊದಲ ದಿನ ಅದನ್ನು ತೆರೆದು, ಮೂವತ್ತನಾಲ್ಕು ಸಂಧಿಗಳನ್ನೂ ತಮ್ಮಷ್ಟಕ್ಕೆ ಮೆಲುದನಿಯಲ್ಲಿ ಓದಿ ಮುಗಿಸುವುದು ಅವರ ಪದ್ಧತಿ. ಅದು ವ್ರತವೇ ಎಂದು ನಾನೊಮ್ಮೆ ಕೇಳಿದ್ದೆ. “ವ್ರತವೂ ಇಲ್ಲ, ಮಣ್ಣೂ ಇಲ್ಲ; ಚೆನ್ನಾಗಿದೆ, ಓದುತ್ತೇನೆ,” ಎಂದಿದ್ದರು.

ಎರಡು ವರ್ಷಗಳಿಂದ ಅವರ ಕಣ್ಣಿನ ಒಳಪದರದ ನಡುಭಾಗ ಸವೆಯುತ್ತ ಬಂದಿದೆ. ವಯಸ್ಸಾದವರಲ್ಲಿ ಕಾಣಿಸಿಕೊಳ್ಳುವ ಈ ರೋಗ ವಿಚಿತ್ರವಾದುದು. ಅಂಚಿನ ದೃಷ್ಟಿ ಇರುತ್ತದೆ. ಬಾಗಿಲಲ್ಲಿ ಯಾರೋ ಬಂದು ನಿಂತರೆಂಬುದು ತಿಳಿಯುತ್ತದೆ, ತಟ್ಟೆ ಲೋಟಗಳು ತಿಳಿಯುತ್ತವೆ. ಆದರೆ ಯಾವುದನ್ನು ನೆಟ್ಟು ನೋಡುವರೋ ಅದೇ ಮರೆಯಾಗುತ್ತದೆ. ಅಕ್ಷರದ ಮೇಲೆ ಕಣ್ಣಿಟ್ಟರೆ ಅಕ್ಷರವೇ ಇಲ್ಲ. ಶ್ರಾವಣ ಬಂದಿತು. ಅಮ್ಮ ಪುಸ್ತಕವನ್ನು ತೊಡೆಯ ಮೇಲಿಟ್ಟುಕೊಂಡು ಸ್ವಲ್ಪ ಹೊತ್ತು ಕುಳಿತಿದ್ದು, ನನ್ನನ್ನು ಕರೆದು, “ನಿನಗೆ ಪುರುಸೊತ್ತಿದ್ದರೆ ದಿನಕ್ಕೆ ಒಂದಿಷ್ಟು ಓದಿ ಹೇಳುತ್ತೀಯೇನಪ್ಪ?” ಎಂದು ಕೇಳಿದರು.

ಆಗ ನನ್ನ ಮನಸ್ಸಿನಲ್ಲಿ ಸುಳಿದುದನ್ನು ಮರೆಮಾಚದೆ ಬರೆಯುತ್ತೇನೆ. ಜೈಮಿನಿ ಭಾರತದಲ್ಲಿ ಸಾವಿರದ ಒಂಬೈನೂರರಷ್ಟು ಪದ್ಯಗಳಿವೆ. ದಿನಕ್ಕೆ ಇಪ್ಪತ್ತರಂತೆ ಓದಿದರೂ ಮೂರು ತಿಂಗಳಿಗೆ ಮಿಕ್ಕಿ ಹಿಡಿಯುತ್ತದೆ. ಮೂರು ತಿಂಗಳಿಗೆ ನನ್ನ ಸಂಕಲ್ಪದಂತೆ ೧೩ ಪುಸ್ತಕಗಳಾಗಬೇಕು. ಇದರಿಂದ ಕಲಮಿಗೆ ಬರುವುದು ಒಂದು. ನಷ್ಟ ೧೨. ಈ ಗಣಿತವನ್ನು ನಾನು ತಾಯಿಯ ಎದುರಿಗೆ ನಿಂತು, ಮನಸ್ಸಿನಲ್ಲಿಯೇ, ಕ್ಷಣಮಾತ್ರದಲ್ಲಿ ಮಾಡಿ ಮುಗಿಸಿದೆ. “ನೋಡೋಣಮ್ಮ, ಈ ವಾರ ಸ್ವಲ್ಪ ಕೆಲಸವಿದೆ,” ಎಂದೆ. ಅವರು “ಆಗಲಿ” ಎಂದರು. ಎರಡನೆಯ ಸಲ ಕೇಳಲಿಲ್ಲ.

ಮಗಳು ತನ್ನ ಮೊಬೈಲಿನಲ್ಲಿ ಗಮಕಿಗಳು ಹಾಡಿದ ಜೈಮಿನಿಯ ಭಾಗಗಳನ್ನು ಹುಡುಕಿ ಅಜ್ಜಿಯ ಪಕ್ಕದಲ್ಲಿಟ್ಟಳು. ಕಂಠ ಬಹಳ ಚೆನ್ನಾಗಿತ್ತು. ಅಮ್ಮ ಎರಡು ದಿನ ಕೇಳಿ ಬೇಡವೆಂದರು. “ಪಾಪ, ಚೆನ್ನಾಗಿ ಹಾಡುತ್ತಾರೆ. ಆದರೆ ನಾನು ಅಳುವ ಕಡೆ ಅವರು ನಿಲ್ಲಿಸುವುದಿಲ್ಲವಲ್ಲೇ,” ಎಂದರಂತೆ.

ಆ ವಾರಗಳಲ್ಲಿಯೇ, ತೆಳ್ಳಗಿದೆಯೆಂಬ ಒಂದೇ ಕಾರಣದಿಂದ ನಾನು ತಂದ ಪುಸ್ತಕಗಳಲ್ಲಿ ಚಾರ್ಲ್ಸ್ ಡಾರ್ವಿನ್ನನ ಆತ್ಮಕಥೆಯೂ ಒಂದು. ಜೀವಿಗಳ ವಿಕಾಸವನ್ನು ಕುರಿತು ೧೮೫೯ರಲ್ಲಿ ಲೋಕವನ್ನೇ ಅಲುಗಿಸಿದ ಗ್ರಂಥವನ್ನು ಬರೆದ ಆ ವಿಜ್ಞಾನಿ, ತನ್ನ ಅರವತ್ತೇಳನೆಯ ವಯಸ್ಸಿನಲ್ಲಿ, ೧೮೭೬ರಲ್ಲಿ, ಮಕ್ಕಳು ಮೊಮ್ಮಕ್ಕಳು ಓದಲೆಂದು ಇದನ್ನು ಬರೆದಿಟ್ಟನು. ಅವನೂ ನನ್ನಂತೆಯೇ ಪಟ್ಟಿಗಾರ! ೧೮೩೮ರಿಂದ ೧೮೬೦ರವರೆಗೆ, ಓದಬೇಕಾದ ಪುಸ್ತಕಗಳು, ಓದಿದ ಪುಸ್ತಕಗಳು ಎಂದು ವಿಂಗಡಿಸಿ ನೋಟುಪುಸ್ತಕಗಳಲ್ಲಿ ಬರೆದುಕೊಂಡು ಬಂದವನು. ದಪ್ಪ ಪುಸ್ತಕ ಕೈಗೆ ಭಾರವಾದರೆ ಅದನ್ನು ನಡುವೆ ಸೀಳಿ ಎರಡು ಮಾಡಿಕೊಂಡು ಓದುತ್ತಿದ್ದನೆಂದು ಅವನ ಮಗನೇ ಬರೆದಿದ್ದಾನೆ. ಗ್ರಂಥಾಲಯದ ಪುಸ್ತಕಗಳಿಗೆ ಆ ಗತಿ ಬರಬಾರದು.

ನನ್ನನ್ನು ತಡೆದು ನಿಲ್ಲಿಸಿದುದು ಆ ಆತ್ಮಕಥೆಯ ಕೊನೆಯ ಭಾಗ. ತಾರುಣ್ಯದಲ್ಲಿ ಡಾರ್ವಿನ್ನನಿಗೆ ಕಾವ್ಯವೆಂದರೆ ಪ್ರಾಣ. ೧೮೩೧ರಿಂದ ಐದು ವರ್ಷ ‘ಬೀಗಲ್’ ಎಂಬ ನೌಕೆಯಲ್ಲಿ ಭೂಮಂಡಲವನ್ನು ಸುತ್ತಿದಾಗ, ದಡಕ್ಕಿಳಿದು ದೂರ ಹೋಗುವ ಸಂದರ್ಭಗಳಲ್ಲಿ ಒಂದೇ ಸಣ್ಣ ಪುಸ್ತಕವನ್ನು ಒಯ್ಯಲು ಅವಕಾಶವಿದ್ದರೆ, ಅವನು ಆರಿಸಿಕೊಳ್ಳುತ್ತಿದ್ದುದು ಮಿಲ್ಟನ್ ಮಹಾಕವಿಯನ್ನೇ. ಮುಂದೆ ಮನೆಯಲ್ಲಿ ನೆಲೆನಿಂತು ಶಾಸ್ತ್ರಕಾರ್ಯದಲ್ಲಿ ಮುಳುಗಿದನು. ಹಡಗಿನ ತಳಕ್ಕೂ ಕಡಲಬಂಡೆಗೂ ಅಂಟಿ ಬದುಕುವ ಒಂದು ಜಾತಿಯ ಸಣ್ಣ ಜೀವಿಗಳನ್ನು ಪರೀಕ್ಷಿಸುವುದರಲ್ಲಿಯೇ ಅವನು ಎಂಟು ವರ್ಷ ಕಳೆದನೆಂದರೆ ಆ ಏಕಾಗ್ರತೆಯನ್ನು ಊಹಿಸಿಕೊಳ್ಳಬಹುದು. ಹೀಗೆ ದಶಕಗಳು ಕಳೆದ ಮೇಲೆ ಒಂದು ದಿನ ಕಾವ್ಯವನ್ನು ತೆರೆದು ನೋಡಿದರೆ ಒಂದು ಪಂಕ್ತಿಯೂ ರುಚಿಸಲಿಲ್ಲ. ಷೇಕ್ಸ್‌ಪಿಯರನನ್ನು ತೆರೆದರೆ ಓಕರಿಕೆ ಬರುವಷ್ಟು ಬೇಸರವಾಯಿತು. ಸಂಗೀತದ ಸುಖವೂ ಬಹುಮಟ್ಟಿಗೆ ಹೋಗಿತ್ತು. ಉಳಿದದ್ದು ಕಾದಂಬರಿಯೊಂದೇ, ಅದನ್ನು ಹೆಂಡತಿ ಎಮ್ಮಾ ಓದಿ ಹೇಳುವಳು, ಇವನು ಮಲಗಿ ಕೇಳುವನು. ದುಃಖದಲ್ಲಿ ಮುಗಿಯುವ ಕಾದಂಬರಿಗಳನ್ನು ಕಾನೂನು ಮಾಡಿ ನಿಷೇಧಿಸಬೇಕೆಂದು ಅವನ ಹಾಸ್ಯದ ಸಲಹೆ.

ತನ್ನ ಈ ನಷ್ಟವನ್ನು ಅವನು ಸುಖದ ನಷ್ಟವೆಂದೇ ಕರೆದು ಮರುಗಿದ್ದಾನೆ. ಬುದ್ಧಿಗೂ ಹೃದಯಕ್ಕೂ ಅದರಿಂದ ಹಾನಿಯಾಗಿರಬಹುದೆಂದು ಶಂಕಿಸಿದ್ದಾನೆ. ಬದುಕನ್ನು ಮತ್ತೊಮ್ಮೆ ಬದುಕುವುದಾದರೆ ವಾರಕ್ಕೊಮ್ಮೆಯಾದರೂ ಸ್ವಲ್ಪ ಕಾವ್ಯವನ್ನು ಓದುವುದು, ಸ್ವಲ್ಪ ಸಂಗೀತವನ್ನು ಕೇಳುವುದು ಎಂಬ ನಿಯಮವನ್ನಿಟ್ಟುಕೊಳ್ಳುತ್ತಿದ್ದೆನೆಂದು ಬರೆದಿದ್ದಾನೆ. ಅಷ್ಟು ಪುಸ್ತಕಗಳ ಪಟ್ಟಿ ಬರೆದಿಟ್ಟವನು ಕೊನೆಗೆ ಬಯಸಿದ್ದು ಇನ್ನೂ ನೂರು ಪುಸ್ತಕಗಳನ್ನಲ್ಲ. ವಾರಕ್ಕೊಮ್ಮೆ, ಸ್ವಲ್ಪ! ಉಪಯೋಗಿಸದೆ ಬಿಟ್ಟ ಅಭಿರುಚಿ ನೀರು ಕಾಣದ ತುಳಸಿಯಂತೆ ಸದ್ದಿಲ್ಲದೆ ಒಣಗುವುದೆಂದೂ, ಅದಕ್ಕಾಗಿ ನಿಯಮ ಬೇಕೆಂದೂ, ಆದರೆ ನಿಯಮವನ್ನು ಹಾಕಬೇಕಾದುದು ಪುಸ್ತಕಗಳ ಎಣಿಕೆಯ ಮೇಲಲ್ಲ, ಕುಳಿತು ಓದುವ ಹೊತ್ತಿನ ಮೇಲೆಂದೂ ನನಗೆ ಆ ಹಾಳೆಯಲ್ಲಿ ಕಂಡಿತು. ನಾನು ಮೂವತ್ತು ವರ್ಷ ನೀರೆರೆಯದೆ ಒಣಗಿಸಿದೆ; ಆಮೇಲೆ ನಾಲ್ಕು ತಿಂಗಳು ಎಷ್ಟು ಚೊಂಬು ಸುರಿದೆನೆಂದು ಎಣಿಸುತ್ತ ನಿಂತೆ.

ಆ ಪುಸ್ತಕವನ್ನು ೨೪ನೆಯ ಕ್ರಮಸಂಖ್ಯೆಯಲ್ಲಿ ಬರೆದುಕೊಂಡೆ. ಅದೇ ಸಂಜೆ ದೀಪ ಹಚ್ಚಿದ ಮೇಲೆ ಅಮ್ಮನ ಕೋಣೆಗೆ ಹೋಗಿ ಜೈಮಿನಿಯನ್ನು ಕೇಳಿದೆ. ದಿಂಬಿನ ಪಕ್ಕದಲ್ಲಿಯೇ ಇತ್ತು. ಆಗ ಭಾದ್ರಪದ ನಡೆಯುತ್ತಿತ್ತು. ಶ್ರಾವಣ ಕಳೆದುಹೋಯಿತಲ್ಲ ಎಂದೆ. “ಲಕ್ಷ್ಮೀಶನಿಗೆ ಯಾವ ತಿಂಗಳಾದರೇನು?” ಎಂದರು.

ಓದತೊಡಗಿದ ಮೇಲೆ ನನ್ನ ವಿದ್ಯೆಯ ಬಣ್ಣ ಬಯಲಾಯಿತು. ವಾರ್ಧಕ ಷಟ್ಪದಿಯದು ಐದು ಐದು ಮಾತ್ರೆಗಳ ನಡೆ. ಮೂರನೆಯ ಮತ್ತು ಆರನೆಯ ಪಾದಗಳು ಉದ್ದವಾಗಿ ಚಾಚಿಕೊಳ್ಳುತ್ತವೆ. ಪದಗಳು ಒಂದರೊಳಗೊಂದು ಸೇರಿಕೊಂಡಿರುವುದರಿಂದ ಎಲ್ಲಿ ಬಿಡಿಸಬೇಕೆಂದು ತಿಳಿಯದವನು ನಡುರಸ್ತೆಯಲ್ಲಿ ಎಡವಿದಂತೆ ಎಡವುತ್ತಾನೆ. ನಾನು ಎಡವಿದಾಗಲೆಲ್ಲ ಕಣ್ಣು ಮುಚ್ಚಿ ಕುಳಿತ ಅಮ್ಮ ಪದವನ್ನು ಬಿಡಿಸಿ ಹೇಳುತ್ತಿದ್ದರು. ಕೆಲವು ಕಡೆ ನಾನು ಎರಡು ಪದ ಓದುವಷ್ಟರಲ್ಲಿ ಅವರ ಬಾಯಲ್ಲಿ ಇಡೀ ಪದ್ಯ ಮುಗಿದಿರುತ್ತಿತ್ತು. ಅಕ್ಷರ ಕಾಣುವವನು ತಪ್ಪುವುದು, ಕಾಣದವರು ತಿದ್ದುವುದು! ಮೊದಲ ವಾರ ದಿನಕ್ಕೆ ಹತ್ತು ಪದ್ಯಗಳೂ ಸಾಗಲಿಲ್ಲ. ಇಷ್ಟು ಬಾಯಿಗೆ ಬರುವುದಾದರೆ ಓದಿ ಹೇಳುವುದೇಕೆ ಎಂದು ಕೇಳಿದೆ. “ಬಾಯಿಗೆ ಬರುವುದು ಅಲ್ಲೊಂದು ಇಲ್ಲೊಂದು. ನಡುವೆ ನೀನು ಸೇತುವೆ ಹಾಕಬೇಕು,” ಎಂದರು.

ಸುಧನ್ವನನ್ನು ಕುದಿಯುವ ಎಣ್ಣೆಯ ಕೊಪ್ಪರಿಗೆಗೆ ಹಾಕಿಸುವ ಸಂದರ್ಭ ಬಂದಾಗ ಮನೆಯಾಕೆಯೂ ಅಡಿಗೆಮನೆಯ ಬಾಗಿಲಿಗೆ ಬಂದು ನಿಂತಳು. ಬಭ್ರುವಾಹನನ ಕಥೆಯ ಹೊತ್ತಿಗೆ ಆಕೆ ಒಳಗೆ ಬಂದು ಕುಳಿತಳು. ಸೀತೆಯನ್ನು ಲಕ್ಷ್ಮಣನು ಕಾಡಿನಲ್ಲಿ ಬಿಟ್ಟು ಹೋಗುವ ಭಾಗದಲ್ಲಿ ಅಮ್ಮ ಕೈ ಎತ್ತಿದರು. ನಾನು ನಿಲ್ಲಿಸಿದೆ. ಅವರು ಸೆರಗಿನಿಂದ ಕಣ್ಣೊರಸಿಕೊಂಡು, ಸ್ವಲ್ಪ ಹೊತ್ತಿನ ಮೇಲೆ “ಹೂಂ” ಎಂದರು. ಮೊಬೈಲಿನ ಗಮಕಿಗಳಿಂದ ಆಗದೆ ಹೋದದ್ದು ಇಷ್ಟೇ.

ವರ್ಷದ ಕೊನೆಯಲ್ಲಿ ನೋಟುಪುಸ್ತಕ ಕೂಡಿಸಿದಾಗ ೩೧ ಆಯಿತು. ಸಂಕಲ್ಪ ಭಂಗವಾಯಿತೆಂದು ಮಗಳು ಹಾಸ್ಯ ಮಾಡಿದಳು. ‘ಮಲೆಗಳಲ್ಲಿ ಮದುಮಗಳು’ ಅದರಲ್ಲಿ ಸೇರಿರಲಿಲ್ಲ; ಬಸ್ಸಿನ ಚೀಟಿಯಿದ್ದ ಕಡೆಯಿಂದ ಅಲ್ಲ, ಮೊದಲ ಪುಟದಿಂದಲೇ ಮತ್ತೆ ಹಿಡಿದು ಈ ಬೇಸಗೆಯಲ್ಲಿ ಮುಗಿಸಿದೆ. ಒಟ್ಟು ಒಂಬತ್ತು ವಾರ ಹಿಡಿಯಿತು. ಹುಲಿಯ ನಾಯಿಯ ಕೊನೆಯನ್ನು ಓದಿದ ರಾತ್ರಿ ಬಹಳ ಹೊತ್ತು ನಿದ್ರೆ ಬರಲಿಲ್ಲ. ಈ ಯುಗಾದಿಗೂ ಗೀಟೆಳೆದ ನೋಟುಪುಸ್ತಕ ಉಂಟು, ಲೆಕ್ಕಿಗನ ಜಾತಿಗುಣ ಹೋಗತಕ್ಕದ್ದಲ್ಲ. ಆದರೆ ಅದರಲ್ಲಿ ಈಗ ಎರಡೇ ಕಲಮುಗಳು. ಒಂದರಲ್ಲಿ ತಾರೀಖು, ಇನ್ನೊಂದರಲ್ಲಿ ಆ ದಿನ ಓದಿದ್ದರಲ್ಲಿ ಮನಸ್ಸಿಗೆ ಅಂಟಿದ ಯಾವುದಾದರೊಂದು ಮಾತು ಅಥವಾ ಸಂಗತಿ. ಅರ್ಧ ಗಂಟೆಯಾದರೂ ಕುಳಿತು ಓದದ ದಿನ ಕಲಮು ಬರಿದು. ಅಂಥ ದಿನಗಳು ತಿಂಗಳಿಗೆ ಐದಾರು ಇದ್ದೇ ಇವೆ. ಐವತ್ತು ಪುಟ ಓದಿಯೂ ರುಚಿಸದ ಪುಸ್ತಕವನ್ನು ಸಂಕೋಚವಿಲ್ಲದೆ ಹಿಂದಿರುಗಿಸುತ್ತೇನೆ. ಲೆಕ್ಕಕ್ಕಾಗಿ ಅದನ್ನು ನುಂಗುವ ಕೆಲಸ ಈಗಿಲ್ಲ. ಮೊಬೈಲನ್ನು ಆ ಅರ್ಧ ಗಂಟೆ ಅಕ್ಕಿಯ ಡಬ್ಬದ ಮೇಲಿಡುವ ಪದ್ಧತಿಯನ್ನು ಮನೆಯಾಕೆ ಮಾಡಿದ್ದಾಳೆ. ಅದೇಕೆ ಅಕ್ಕಿಯ ಡಬ್ಬದ ಮೇಲೆಯೇ ಎಂಬುದನ್ನು ಅವಳನ್ನೇ ಕೇಳಬೇಕು.

ಈಗ ಮತ್ತೆ ಶ್ರಾವಣ ಬಂದು ಹೋಯಿತು. ಈ ಸಲ ಮೊದಲ ದಿನವೇ ಜೈಮಿನಿಯನ್ನು ತೆರೆದೆವು. ನಾನು ಎಡವುವುದು ಕಡಮೆಯಾಗಿದೆ. ಅಮ್ಮನ ನೆನಪಿನಲ್ಲಿ ಅಲ್ಲಲ್ಲಿ ಪದ್ಯಗಳು ಜಾರುತ್ತಿವೆ. ಹೋದ ವರ್ಷ ಅವರು ಹೇಳಿಕೊಟ್ಟ ಪದಚ್ಛೇದವನ್ನು ಈ ವರ್ಷ ಒಂದೆರಡು ಕಡೆ ನಾನು ಅವರಿಗೆ ಹೇಳಬೇಕಾಯಿತು. ನಿನ್ನೆ ಚಂದ್ರಹಾಸನ ಕಥೆ ನಡೆಯುತ್ತಿತ್ತು. ತನ್ನ ಸಾವನ್ನೇ ಬರೆದ ಓಲೆಯನ್ನು ತಾನೇ ಹೊತ್ತು ತಂದ ಹುಡುಗ ಉದ್ಯಾನದಲ್ಲಿ ಮಲಗಿ ನಿದ್ರೆಹೋಗಿದ್ದಾನೆ; ಮಂತ್ರಿಯ ಮಗಳು ವಿಷಯೆ ಅವನನ್ನು ಕಂಡು, ಸದ್ದಾಗದಂತೆ ಹತ್ತಿರ ಬಂದಿದ್ದಾಳೆ. ನಾನು ಮುಂದಿನ ಪದ್ಯಕ್ಕೆ ಬಾಯಿ ತೆರೆದೆ. ಅರವತ್ತು ವರ್ಷಗಳಿಗೂ ಮೇಲ್ಪಟ್ಟು ಈ ಕಥೆಯನ್ನು ಓದಿದ ಅಮ್ಮ ಥಟ್ಟನೆ ನನ್ನ ಮೊಣಕೈ ಹಿಡಿದು, “ತಡಿ ತಡಿ, ಇವತ್ತಿಗೆ ಸಾಕು. ಅವಳು ಓಲೆ ಬಿಚ್ಚುವುದನ್ನು ನಾಳೆಗೆ ಇಟ್ಟುಕೊಳ್ಳೋಣ,” ಎಂದರು.